ಸರ್ಕಾರದ ಬಾಗಿಲು

ಬಾಗಲಗುಂಟೆ
17 ಜನವರಿ 2024

ಅಪ್ಪನಿಗೆ ಮಾಲಾಳ ನಮಸ್ಕಾರಗಳು.

ಇದು ನನ್ನ ಪತ್ರ ಎಂದು ಗೊತ್ತಾದ ಮೇಲೂ ನೀವು ಓದುತ್ತಿದ್ದರೆ ನಾನು ಅರ್ಧ ಗೆದ್ದಂತೆ. ಹೊರಗಿನ ವಿಳಾಸವನ್ನು ಬೇಕೆಂದೇ ಅಮರೇಶನ ಕೈಯಲ್ಲಿ ಬರೆಸುತ್ತೇನೆ. ನನ್ನ ಅಕ್ಷರ ಕಂಡರೆ ನೀವು ಹಾಗೇ ಅಂಚೆಯ ವನಜಕ್ಕನ ಕೈಗೆ ವಾಪಸ್ಸು ಕೊಡುತ್ತೀರಿ. ನಿಮ್ಮ ಹಟ ನನಗೆ ಗೊತ್ತಿಲ್ಲವೇ? ಈ ಎರಡು ವರ್ಷದಲ್ಲಿ ಎಷ್ಟೋ ಸಲ ಫೋನ್ ಮಾಡಿದೆ. ಬಡಿದುಕೊಂಡು ಬಡಿದುಕೊಂಡು ನಿಂತುಹೋಗುತ್ತದೆ. ಮನೆಯ ಮುಂದಿನ ಕೋಣೆಯನ್ನೇ ಅಂಚೆ ಕಚೇರಿಗೆ ಬಿಟ್ಟುಕೊಟ್ಟ ಮನೆತನ ನಮ್ಮದು. ಬಂದ ಕಾಗದವನ್ನು ಕಾಯಿಸಬಾರದು ಎಂದು ಚಿಕ್ಕಂದಿನಲ್ಲಿ ನೀವೇ ಹೇಳುತ್ತಿದ್ದಿರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಾನು ಪೀಣ್ಯದ ಅದೇ ವರ್ಕ್‌ಶಾಪಿನಲ್ಲಿದ್ದೇನೆ. ಅಮರೇಶ ಲೇತ್ ಮೇಲೆ ತಿರುಗಿಸಿ ಕೊಟ್ಟದ್ದನ್ನು ನಾನು ಅಳತೆ ಹಿಡಿದು ನೋಡಿ, ಸರಿಯಿಲ್ಲದ್ದನ್ನು ವಾಪಸ್ಸು ಕಳಿಸುತ್ತೇನೆ. ಮನೆಯಲ್ಲೂ ಇವಳದು ಇದೇ ಕೆಲಸ ಎಂದು ಅವನ ದೂರು. ಒಳ್ಳೆಯವನು ಅಪ್ಪ. ರಾಯಚೂರಿನ ಕಡೆಯವನು, ನಮ್ಮವನಲ್ಲ ಎನ್ನುವುದೊಂದನ್ನು ಬಿಟ್ಟು ಅವನ ಬಗ್ಗೆ ನಿಮಗೆ ಏನೂ ಗೊತ್ತಿಲ್ಲ.

ವಿಷಯಕ್ಕೆ ಬರುತ್ತೇನೆ. ನಾನು ಬಸುರಿ. ಏಪ್ರಿಲ್ ಕೊನೆಗೆ ಎಂದಿದ್ದಾರೆ ಡಾಕ್ಟರು. ಈ ನಡುವೆ ಕಣ್ಣು ಮುಚ್ಚಿದರೆ ಒಂದೇ ಕನಸು. ನೇರಳೆಕುಂಟೆಯಲ್ಲಿ ನಮ್ಮ ಹೊಲದ ಬದುವಿನ ಮೇಲೆ ನಡೆಯುತ್ತಿರುತ್ತೇನೆ. ಹೊಲ ಇದ್ದ ಕಡೆ ಈಗಿನ ಅಪಾರ್ಟ್‌ಮೆಂಟೇ ಇರುತ್ತದೆ. ಆದರೆ ಅದರ ಮೆಟ್ಟಿಲ ಮೇಲೆಲ್ಲ ಮೊಣಕಾಲುದ್ದ ರಾಗಿ ಬೆಳೆದಿರುತ್ತದೆ, ಲಿಫ್ಟಿನೊಳಗೆ ಮಂಜು ತುಂಬಿರುತ್ತದೆ. ನೀವು ಎಲ್ಲೋ ಮೇಲಿನ ಮಹಡಿಯಿಂದ ಹಕ್ಕಿ ಓಡಿಸುತ್ತಾ ಕೂಗುತ್ತಿರುತ್ತೀರಿ. ದನಿ ಮಾತ್ರ ಕೇಳುತ್ತದೆ, ಹತ್ತಿದಷ್ಟೂ ನೀವು ಸಿಗುವುದಿಲ್ಲ.

ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕೆಂದು ಆಸೆ. ಅಮ್ಮ ಇದ್ದಿದ್ದರೆ ಕೇಳುವ ಅಗತ್ಯವೇ ಇರಲಿಲ್ಲ. ಬಾ ಎಂದು ಒಂದೇ ಸಾಲು ಬರೆಯಿರಿ, ಸಾಕು. ಬರೆಯದಿದ್ದರೆ ನಾನು ಮತ್ತೆ ಕೇಳುವುದಿಲ್ಲ. ನಿಮ್ಮ ಹಟ ನನಗೂ ಬಂದಿದೆ.

ಅಮರೇಶ ಈಗಷ್ಟೇ ಶಿಫ್ಟ್ ಮುಗಿಸಿ ಬಂದ. ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತೆಂದು ಅವನಿಗೆ ಉಸಿರಾಡಲೂ ಬಿಡದೆ ಪೆನ್ನು ಕೊಡುತ್ತಿದ್ದೇನೆ. ಮಡಿಸಿ ಅಂಟಿಸುವುದೂ ಅವನದೇ ಕೆಲಸ.

ನಿಮ್ಮ ಮಗಳು,
ಮಾಲಾ


ನೇರಳೆಕುಂಟೆ
3 ಫೆಬ್ರವರಿ 2024

ಶ್ರೀ ಅಮರೇಶ್ ಅವರಿಗೆ,

ನಿಮ್ಮ ಅಕ್ಷರದ ಕಾಗದ ಬಂದು ಸೇರಿತು. ಒಳಗೆ ತರಲಿಲ್ಲ. ಒಡೆದು ಓದಲೂ ಇಲ್ಲ. ಗೇಟಿನ ಹೊರಗೇ ಹರಿದು ಹಾಕಿ ತಲೆಯ ಮೇಲೆ ನೀರು ಸುರಿದುಕೊಂಡೆ.

ಮಾಡಬೇಕಾದ್ದನ್ನು ಕೆರೆಯ ದಡದಲ್ಲಿ ನಾನೊಬ್ಬನೇ ಮಾಡಿ ಮುಗಿಸಿದ್ದೇನೆ. ನೀವು ಇಲ್ಲಿಗೆ ಬರುವುದು ಬೇಡ. ನಿಮ್ಮ ಮೇಲೆ ಈಗ ಸಿಟ್ಟೂ ಉಳಿದಿಲ್ಲ. ಇನ್ನು ಬರೆಯಬೇಡಿ.

ಇಂತಿ,
ರಾಮಾಂಜಿನಪ್ಪ


ಬಾಗಲಗುಂಟೆ
9 ಫೆಬ್ರವರಿ 2024

ವನಜಕ್ಕ,

ನೇರಳೆಕುಂಟೆಯ ಪೋಸ್ಟಮ್ಮನಾದ ನಿನಗೆ ಅಪ್ಪನ ಸುದ್ದಿ ನಾನು ಹೇಳಬೇಕಾಗಿ ಬಂತಲ್ಲ. ಅವರ ಕಾಗದ ನಿನ್ನ ಕೈ ದಾಟಿ ಬಂದಿಲ್ಲ, ವರ್ತೂರಿನಲ್ಲಿ ಹಾಕಿದ್ದಾರೆ. ನಿನಗೆ ಗೊತ್ತಾಗಬಾರದೆಂದು ಇರಬೇಕು.

ನಾನು ಬಸುರಿ, ಹೆರಿಗೆಗೆ ಬರುತ್ತೇನೆ ಎಂದು ಬರೆದಿದ್ದೆ ಅಕ್ಕ. ಅದನ್ನು ಅವರು ಒಡೆಯದೆಯೇ ಗೇಟಿನ ಹೊರಗೆ ಹರಿದು ಹಾಕಿ, ತಲೆಗೆ ನೀರು ಸುರಿದುಕೊಂಡರಂತೆ. ಕೆರೆಯ ದಡದಲ್ಲಿ ಮಾಡಬೇಕಾದ್ದನ್ನು ಮಾಡಿ ಮುಗಿಸಿದರಂತೆ. ಅಂದರೆ ಬದುಕಿರುವ ಮಗಳಿಗೆ ಎಳ್ಳುನೀರು ಬಿಟ್ಟರು. ಮದುವೆಯ ದಿನ ‘ನನ್ ಪಾಲಿಗ್ ನೀನ್ ಸತ್ತೆ’ ಎಂದಿದ್ದರು. ಅದು ಸಿಟ್ಟಿನ ಮಾತು, ಇಳಿದುಹೋಗುತ್ತದೆ ಎಂದುಕೊಂಡಿದ್ದೆ. ಅಪ್ಪ ನೋಡು, ಮಾತನ್ನು ನಡೆಸಿಯೇ ತೋರಿಸಿದರು.

ಆ ಕಾಗದ ಓದಿದ ಮೇಲೆ ಹೊಟ್ಟೆಯೊಳಗಿನ ಮಗು ಒಂದು ಗಳಿಗೆ ಅಲುಗಲಿಲ್ಲ. ಅಮರೇಶ ಹೆದರಿಬಿಟ್ಟ. ಈಗ ಸರಿಯಾಗಿದೆ. ಹೆರಿಗೆ ಇಲ್ಲೇ ಆಗಲಿ. ಪಕ್ಕದ ಮನೆಯ ಸುಕೃತಿ ಆಂಟಿ ನೋಡಿಕೊಳ್ಳುತ್ತೇನೆ ಎಂದಿದ್ದಾರೆ.

ಅಪ್ಪನಿಗೆ ಏನೂ ಹೇಳಬೇಡ. ಫೋನೂ ಮಾಡಬೇಡ, ನಿನ್ನ ದನಿ ಕೇಳಿದರೆ ಅಳು ಬರುತ್ತದೆ. ಇದನ್ನು ನಿನಗೆ ಬರೆದದ್ದು ಯಾರಾದರೂ ಒಬ್ಬರಿಗೆ ಹೇಳಿಕೊಳ್ಳಬೇಕಿತ್ತು ಎಂದಷ್ಟೇ.

ಮಾಲಾ


ನೇರಳೆಕುಂಟೆ ಅಂಚೆ ಕಚೇರಿ
13 ಫೆಬ್ರವರಿ 2024

ಮಾಲೂ, ನನ್ನ ಬಂಗಾರ,

ನೀನು ಬೇಡವೆಂದರೂ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅಪ್ಪನ ಮಗಳೇ ಸರಿ. ಕೂತು ಓದು. ನಿಂತು ಓದಬೇಡ.

ನಿನ್ನ ಕಾಗದವನ್ನು ನಿಮ್ಮಪ್ಪನ ಕೈಗೆ ಕೊಟ್ಟವಳು ನಾನೇ. ಬಾಗಲಗುಂಟೆಯಿಂದ ಬಂದ ಇನ್‌ಲ್ಯಾಂಡ್, ಗಂಡಸಿನ ಅಕ್ಷರ, ಕಳಿಸಿದವರ ಹೆಸರು ಅಮರೇಶ್. ಅದರ ಒಂದು ಮೂಲೆ ಕಪ್ಪಗಿತ್ತು. ಸುಮ್ಮನೆ ಕೊಳೆಯಲ್ಲ, ಹೆಬ್ಬೆರಳಲ್ಲಿ ಒತ್ತಿ ಬಳಿದ ಹಾಗೆ ಕಪ್ಪು. ನಮ್ಮಲ್ಲಿ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದರೆ ಮದುವೆ, ಒಂದು ಮೂಲೆ ಕಪ್ಪಾದರೆ ಸಾವು. ಅಂಥ ಕಾಗದವನ್ನು ಹೊಸಿಲೊಳಗೆ ತರುವಂತಿಲ್ಲ, ಹೊರಗೇ ಹರಿದು ಸ್ನಾನ ಮಾಡಬೇಕು. ನಿನಗೆ ಇದೆಲ್ಲ ಮರೆತುಹೋಗಿರಬಹುದು. ಈಗ ಸಾವಿನ ಸುದ್ದಿಯೂ ವಾಟ್ಸಾಪಿನಲ್ಲೇ ಬರುತ್ತದೆ, ಅಂಥ ಕಾಗದ ನೋಡಿ ನನಗೇ ಎಷ್ಟೋ ಕಾಲವಾಗಿತ್ತು. ನಿನ್ನ ಗಂಡನ ಕಡೆ ಯಾರೋ ಹಿರಿಯರು ಹೋದರು ಎಂದುಕೊಂಡು ನಿಮ್ಮಪ್ಪನನ್ನು ಗೇಟಿನ ಹೊರಗೆ ಕರೆದು ಕೊಟ್ಟೆ.

ಮಾಲೂ, ನಿನ್ನ ಗಂಡ ಲೇತ್ ಕೆಲಸ ಮುಗಿಸಿ ಬಂದವನು ಕೈ ತೊಳೆದಿದ್ದನೇ?

ಅಳಿಯನ ಅಕ್ಷರದಲ್ಲಿ ಕಪ್ಪು ಮೂಲೆಯ ಕಾಗದ ಬಂದರೆ ಅಪ್ಪನಾದವನು ಏನೆಂದುಕೊಳ್ಳಬೇಕು ಹೇಳು. ನಿಮ್ಮಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಡೆಯಲು ಹೋದರು, ಆಗಲಿಲ್ಲ. ಹರಿದರು. ಬಟ್ಟೆಯ ಸಮೇತ ನಲ್ಲಿಯ ಕೆಳಗೆ ಕೂತುಬಿಟ್ಟರು. ಯಾರು ಹೋದದ್ದು ಎಂದು ಕೇಳಿದರೆ ‘ಅವ್ರ ಕಡೆ ಯಾರೋ’ ಎಂದರು. ನಿಮ್ಮ ದೇವಕ್ಕತ್ತೆಗೂ ಅದನ್ನೇ ಹೇಳಿದರು. ಅವತ್ತಿನಿಂದ ದಿನಾ ಬಂದು ನನ್ನ ಆಫೀಸಿನ ಬೆಂಚಿನ ಮೇಲೆ ಕೂರುತ್ತಿದ್ದರು. ಚೀಲ ಬಿಚ್ಚುವಾಗ ನನ್ನ ಕೈಯನ್ನೇ ನೋಡುತ್ತಿದ್ದರು. ಮುದುಕನಿಗೆ ಬೇಜಾರು, ಕೂತಿರಲಿ ಎಂದುಕೊಂಡಿದ್ದೆ. ಮನಸ್ಸಿನಲ್ಲಿ ನಿನ್ನನ್ನು ಕಳೆದುಕೊಂಡು ಕೂತಿದ್ದಾರೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ನಿನ್ನೆ ನಿನ್ನ ಕಾಗದ ಬಂದಾಗಲೂ ಅಲ್ಲೇ ಇದ್ದರು. ಓದಿದವಳೇ ಹೇಳಿಬಿಟ್ಟೆ, ನಿನ್ನ ಮಾತು ಮೀರಿದೆ, ಬೇಕಾದರೆ ಬೈದುಕೋ. ‘ದೊಡ್ಡಪ್ಪಾ, ಮಾಲಾ ಬದುಕವ್ಳೆ’ ಎಂದೆ. ‘ಸುಳ್ ಯೋಳ್ಬ್ಯಾಡ ವನಜಾ, ನಂಗೆ ಸುಳ್ ಬ್ಯಾಡ’ ಎಂದರು. ಕಾಗದ ಕೊಟ್ಟೆ. ನಿನ್ನ ಅಕ್ಷರವನ್ನೂ ನಂಬಲಿಲ್ಲ. ಹಳೆಯದು ತಂದಿದ್ದೀ ಎಂದರು. ಕೊನೆಗೆ ಲಕೋಟೆಯ ಮೇಲಿನ ಅಂಚೆ ಮುದ್ರೆಯನ್ನು ಬೆಳಕಿಗೆ ಹಿಡಿದು, ತಾರೀಕನ್ನು ಮಗ್ಗಿ ಹೇಳುವ ಹುಡುಗನ ಹಾಗೆ ಜೋರಾಗಿ ಓದಿದರು. ಆಮೇಲೆ ನನ್ನ ಟಪಾಲು ಚೀಲದ ಮೇಲೆಯೇ ಕುಸಿದು ಕೂತರು. ಆ ಮನುಷ್ಯ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಬೇಗ ಬಾ ಮಾಲೂ.

ನಿನ್ನ
ವನಜಕ್ಕ


ಬಾಗಲಗುಂಟೆ
27 ಫೆಬ್ರವರಿ 2024

ವನಜಕ್ಕ,

ನಿನ್ನ ಕಾಗದವನ್ನು ಅಮರೇಶನಿಗೆ ಓದಿ ಹೇಳಿದೆ. ಅವನು ತನ್ನ ಹೆಬ್ಬೆರಳನ್ನೇ ನೋಡುತ್ತಾ ಕೂತ. ಆಮೇಲೆ ಎದ್ದುಹೋಗಿ ಸೀಮೆಎಣ್ಣೆ, ಸೋಪು, ಮಣ್ಣು ಎಲ್ಲ ಹಾಕಿ ತಿಕ್ಕಿದ. ‘ನನ್ನ ಕೈಯಾಗ ಆತಲ್ಲ ಮಾಲಾ’ ಎನ್ನುತ್ತಾನೆ. ಅವನನ್ನು ಸಮಾಧಾನ ಮಾಡುವುದೇ ಒಂದು ಕೆಲಸವಾಯಿತು. ಕೊನೆಗೆ ನಕ್ಕೆವು ಅಕ್ಕ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ನನಗೆ ನಗು ನಿಂತುಹೋಯಿತು.

ತಪ್ಪಾಯಿತು, ಸರಿ. ಕಪ್ಪು ಮೂಲೆ, ಸರಿ. ಆದರೆ ನನಗೆ ಒಂದು ಮಾತು ನುಂಗಲಾಗುತ್ತಿಲ್ಲ. ಸತ್ತವಳಿಗೆ ಅಪ್ಪ ಇಷ್ಟು ಕೊರಗಿದರಲ್ಲ, ಬದುಕಿದ್ದವಳಿಗೆ ಎರಡು ವರ್ಷ ಯಾಕೆ ಅಳಲಿಲ್ಲ? ಸತ್ತ ಮಗಳಿಗಾಗಿ ದಿನಾ ಬೆಂಚಿನ ಮೇಲೆ ಕೂತವರು, ಬದುಕಿದ್ದವಳ ಫೋನ್ ಒಂದು ಸಲ ಎತ್ತಲಿಲ್ಲ. ಈಗ ನಾನು ಬಂದರೆ ಅವರು ಒಳಗೆ ಕರೆಯುವುದು ಯಾರನ್ನು? ಸತ್ತುಹೋದೆ ಎಂದುಕೊಂಡು ಎಳ್ಳುನೀರು ಬಿಟ್ಟರಲ್ಲ, ಆ ಮಗಳನ್ನೋ? ಅಮರೇಶನನ್ನು ಕಟ್ಟಿಕೊಂಡ ನನ್ನನ್ನೋ? ನಾಲ್ಕು ದಿನ ಕಳೆದು ಸಂತೋಷ ಇಳಿದ ಮೇಲೆ ಮತ್ತೆ ಅದೇ ಮುಖ ತಿರುಗಿಸುವುದಾದರೆ ನನ್ನ ಮಗುವನ್ನು ಅಲ್ಲಿಗೆ ತರಲಾರೆ.

ಇದನ್ನು ಬೇಕಾದರೆ ಅವರಿಗೆ ಓದಿ ಹೇಳು. ನನಗೆ ಉತ್ತರ ಬೇಕು.

ಮಾಲಾ


ನೇರಳೆಕುಂಟೆ
6 ಮಾರ್ಚ್ 2024

ಚಿ. ಸೌ. ಮಾಲಾಳಿಗೆ ನಿನ್ನಪ್ಪ ಮಾಡುವ ಆಶೀರ್ವಾದಗಳು.

ವನಜ ನಿನ್ನ ಕಾಗದ ಓದಿ ಹೇಳಿದಳು. ನಡುವೆ ಎರಡು ಸಾಲು ನುಂಗಲು ನೋಡಿದಳು. ಅವಳ ಗಂಟಲು ನನಗೆ ಗೊತ್ತು, ಕಿತ್ತುಕೊಂಡು ನಾನೇ ಓದಿದೆ. ನೀನು ಕೇಳಿದ್ದು ಸರಿಯಾಗಿದೆ. ಉತ್ತರ ಬರೆಯಲು ಕೂತರೆ ಅಕ್ಷರಗಳು ನನ್ನ ಮಾತು ಕೇಳುತ್ತಿಲ್ಲ. ಎದುರಿಗೆ ಬಂದರೆ ಹೇಳುತ್ತೇನೆ.

ಆ ಕಾಗದವನ್ನು ಯಾಕೆ ಒಡೆಯಲಿಲ್ಲ ಎನ್ನುವುದನ್ನು ಮಾತ್ರ ಬರೆಯಬಲ್ಲೆ. ಒಡೆದರೆ ನಿನ್ನ ಹೆಸರು ಇರುತ್ತಿತ್ತು. ಎಷ್ಟು ಹೊತ್ತಿಗೆ, ಯಾವ ಆಸ್ಪತ್ರೆಯಲ್ಲಿ ಎಂದು ಇರುತ್ತಿತ್ತು. ಓದದೆ ಇದ್ದರೆ ಬೇರೆ ಯಾರೋ ಇರಬಹುದು ಎಂದು ಒಂದು ಮೂಲೆಯಲ್ಲಿ ಇಟ್ಟುಕೊಳ್ಳಬಹುದಲ್ಲ. ಅಷ್ಟಕ್ಕೇ ಹರಿದೆ. ಆದರೂ ನಿನಗೆ ನೀರು ಬಿಡದೆ ಇದ್ದರೆ ನೀನು ದಾರಿ ಸಿಗದೆ ಅಲೆಯುತ್ತೀ ಎಂದು ಹೆದರಿಕೆ. ಬೆಳಿಗ್ಗೆ ಕೆರೆಗೆ ಹೋದೆ. ಮಂಜು ಎಷ್ಟು ಕವಿದಿತ್ತೆಂದರೆ ಆಚೆ ದಡದ ಗಾಜಿನ ಕಟ್ಟಡಗಳು ಒಂದೂ ಕಾಣುತ್ತಿರಲಿಲ್ಲ. ಕೆರೆ ನಾನು ಹುಡುಗನಾಗಿದ್ದಾಗಿನ ಕೆರೆಯೇ ಆಗಿತ್ತು. ಅನ್ನ ಇಟ್ಟು ಕೂತೆ. ಕಾಗೆ ಬಂತು, ನೋಡಿತು, ಮುಟ್ಟಲಿಲ್ಲ. ಎಷ್ಟು ಕರೆದರೂ ಮುಟ್ಟಲಿಲ್ಲ. ನನ್ನ ಮೇಲಿನ ಸಿಟ್ಟಿಗೆ ನೀನೇ ಬೇಡವೆನ್ನುತ್ತಿದ್ದೀ ಎಂದುಕೊಂಡು ಅಲ್ಲೇ ಕೂತು ಅತ್ತೆ. ಮಂಜಿನೊಳಗೆ ನೀನು ಲಂಗ ಎತ್ತಿಕೊಂಡು ಬದುವಿನ ಮೇಲೆ ಬರುತ್ತಿರುವ ಹಾಗೆ ಎರಡು ಸಲ ಕಂಡಿತು. ಎದ್ದು ಹೋಗಿ ನೋಡಿದರೆ ಯಾರೋ ವಾಕಿಂಗಿಗೆ ಬಂದವರು.

ದೇವಕ್ಕನಿಗೆ ಈಗ ಎಲ್ಲ ಹೇಳಿದ್ದೇನೆ. ‘ಕಾಗೆಗಿದ್ದ ಬುದ್ದಿ ನಿಂಗಿಲ್ವಲ್ಲಲೇ’ ಎಂದು ಬೈದಳು. ಆಮೇಲೆ ಅವಳೇ ಒಂದು ತೊಡಕು ತೆಗೆದಿದ್ದಾಳೆ. ಪಿಂಡ ಇಟ್ಟ ಮೇಲೆ ಲೆಕ್ಕಕ್ಕೆ ಸತ್ತ ಹಾಗೇ ಅಂತೆ. ಅದೇ ಹೊಸಿಲು ದಾಟಿ ಬಂದರೆ ಮಗುವಿಗೆ ಒಳ್ಳೆಯದಲ್ಲವಂತೆ. ನೀನು ಮತ್ತೆ ಹುಟ್ಟಬೇಕು, ನಾನು ಮತ್ತೆ ಹೆಸರಿಡಬೇಕು. ನಗಬೇಡ. ನಾನು ಅವಳ ಜೊತೆ ವಾದಿಸಲಿಲ್ಲ. ನನಗೆ ಅದು ಸರಿಯೆಂದೇ ತೋರಿತು.

ಬಾ.

ನಿನ್ನಪ್ಪ,
ರಾಮಾಂಜಿನಪ್ಪ


ನೇರಳೆಕುಂಟೆ ಅಂಚೆ ಕಚೇರಿ
19 ಮಾರ್ಚ್ 2024

ಹಟಮಾರಿಗೆ,

ನಿಮ್ಮಪ್ಪನ ಕಾಗದ ಹೋಗಿ ಎಷ್ಟು ದಿನವಾಯಿತು. ನಿನ್ನಿಂದ ಒಂದು ಸಾಲಿಲ್ಲ. ಮುದುಕ ಬೆಂಚು ಬಿಟ್ಟು ಏಳುವುದಿಲ್ಲ. ಅವರ ಕಣ್ಣು ತಪ್ಪಿಸಿ ಚೀಲ ಬಿಚ್ಚಬೇಕಾಗಿದೆ ನಾನು.

ಇಲ್ಲಿ ಹೊಂಗೆ ಹೂ ಬಿಟ್ಟಿದೆ. ಆಫೀಸಿನ ಮುಂದೆ ಗುಡಿಸಿದಷ್ಟೂ ಬೀಳುತ್ತದೆ. ಬೆಳಿಗ್ಗೆ ಬೀಗ ತೆಗೆದರೆ ಒಳಗೂ ಹೂ ಇರುತ್ತದೆ, ಬಾಗಿಲು ಮುಚ್ಚಿದ್ದರೂ ಹೇಗೆ ಬರುತ್ತದೋ ಗೊತ್ತಿಲ್ಲ. ಟಪಾಲು ಹಂಚಲು ಹೋದಾಗ ಈಗಲೂ ನನಗೆ ಅಪಾರ್ಟ್‌ಮೆಂಟಿನ ಬ್ಲಾಕುಗಳ ಹೆಸರು ಬಾಯಿಗೆ ಬರುವುದಿಲ್ಲ. ಕುಂಟೆ ಹೊಲದವರಿಗೆ ಪಾನ್ ಕಾರ್ಡ್ ಬಂದಿದೆ, ಹುಣಸೆ ತೋಪಿನವರಿಗೆ ಪಾರ್ಸೆಲ್ ಬಂದಿದೆ ಎಂದೇ ಅನ್ನಿಸುತ್ತದೆ. ಆರನೇ ಮಹಡಿಯಲ್ಲಿ ನಿಂತರೂ ಕಾಲಡಿ ಉಳುಮೆ ಮಾಡಿದ ಮಣ್ಣೇ ಇದ್ದ ಹಾಗೆ ಇರುತ್ತದೆ.

ಈಗ ಮುಖ್ಯ ವಿಷಯ. ಕಾಗದಗಳು ಕಡಿಮೆಯಾಗಿ ಪಾರ್ಸೆಲ್ ಜಾಸ್ತಿಯಾಗಿವೆ, ನಿಮ್ಮ ಕೋಣೆ ಸಾಲದು. ಏಪ್ರಿಲ್ ಒಂದರಿಂದ ಆಫೀಸು ಅಪಾರ್ಟ್‌ಮೆಂಟಿನ ಎದುರಿನ ಮಳಿಗೆಗೆ ಹೋಗುತ್ತದೆ. ದೇವಕ್ಕ ಇದನ್ನು ಕೇಳಿದವರೇ ನನ್ನ ಕೌಂಟರಿಗೆ ಬಂದು ನಿಂತರು. ‘ಈ ಬಾಗ್ಲು ಯಾರ್ದು?’ ಎಂದರು. ಮನೆ ನಿಮ್ಮದು, ಬಾಗಿಲ ಬೀಗ ಇಲಾಖೆಯದು ಎಂದೆ. ‘ಅಂಗಾದ್ರೆ ಇದು ನಮ್ಮನೆ ವಸ್ಲಲ್ಲ, ಸರ್ಕಾರದ್ದು. ಅವ್ಳು ಇಲ್ಲಿಂದ್ಲೇ ಉಟ್ಲಿ’ ಎಂದರು. ಬೀದಿಯಿಂದ ನನ್ನ ಆಫೀಸಿಗೆ, ಆಫೀಸಿನ ಒಳಬಾಗಿಲಿಂದ ನಿಮ್ಮ ನಡುಮನೆಗೆ. ಈ ತಿಂಗಳು ಮುಗಿದರೆ ಬಾಗಿಲು ಮತ್ತೆ ನಿಮ್ಮದೇ ಆಗಿಬಿಡುತ್ತದೆ. ಇಪ್ಪತ್ತೆಂಟು ಗುರುವಾರ ಒಳ್ಳೆಯ ದಿನವಂತೆ.

ಇಲಾಖೆಯ ನಿಯಮದಲ್ಲಿ ಹೀಗೆ ಬಸುರಿಯನ್ನು ಕೌಂಟರಿನಿಂದ ಒಳಗೆ ಬಿಡಬಹುದೋ ಇಲ್ಲವೋ ನಾನು ನೋಡಿಲ್ಲ, ನೋಡುವುದೂ ಇಲ್ಲ. ನಿನ್ನ ಪ್ರಶ್ನೆ ನಿನ್ನ ಹತ್ತಿರವೇ ಇರಲಿ. ಬಂದು ಎದುರಿಗೆ ಕೇಳು. ಉತ್ತರ ಹಿಡಿಸದಿದ್ದರೆ ಅದೇ ಬಾಗಿಲಿಂದ ಹೊರಟುಬಿಡು, ನಾನೇ ಬಸ್ಸು ಹತ್ತಿಸುತ್ತೇನೆ.

ವನಜಕ್ಕ


ನೇರಳೆಕುಂಟೆ
29 ಮಾರ್ಚ್ 2024

ಅಮರೇಶ,

ಫೋನಿನಲ್ಲಿ ಹೇಳಲು ನೋಡಿದೆ. ನೀನು ಲೇತ್ ಸದ್ದಿನ ನಡುವೆ ‘ಹಾಂ? ಏನಂದಿ?’ ಎನ್ನುತ್ತಿದ್ದೆ. ಇದು ಹಾಗೆ ಕೂಗಿ ಹೇಳುವ ವಿಷಯವಲ್ಲ. ವನಜಕ್ಕ ನಾಳೆ ಈ ಕೋಣೆಯಲ್ಲಿ ಕೊನೆಯ ಸಲ ಮುದ್ರೆ ಒತ್ತುತ್ತಾಳೆ, ಅದರಲ್ಲಿ ಇದೂ ಇರಲಿ.

ನೀನು ನನ್ನನ್ನು ಬೀದಿಯ ತುದಿಯಲ್ಲಿ ಆಟೋದಿಂದ ಇಳಿಸಿ, ಬರಬೇಡಿ ಎಂದು ಬರೆದವರ ಮನೆಗೆ ಬರುವುದಿಲ್ಲ ಎಂದು ಹೊರಟೆಯಲ್ಲ, ಆಗ ನನಗೂ ನಿನ್ನ ಜೊತೆಗೇ ಹಿಂದಿರುಗೋಣ ಎನ್ನಿಸಿತು. ಅಂಚೆ ಬಾಗಿಲಲ್ಲಿ ದೇವಕ್ಕತ್ತೆ ನಿಂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ‘ಮಾತಾಡ್ಬ್ಯಾಡ! ಎಸ್ರಿಡೋಗಂಟ ಕೂಸು ಮಾತಾಡಂಗಿಲ್ಲ’ ಎಂದು ನನ್ನ ಬಾಯಿಯ ಮೇಲೆ ಕೈ ಇಟ್ಟಳು. ಕೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದದ್ದೆಲ್ಲ ಗಂಟಲಲ್ಲೇ ಉಳಿಯಿತು. ಕೌಂಟರಿನ ಹಲಗೆ ಎತ್ತಿ, ತಕ್ಕಡಿ ಸರಿಸಿ, ಹೊಟ್ಟೆ ತಾಗದ ಹಾಗೆ ಓರೆಯಾಗಿ ನನ್ನನ್ನು ಒಳಗೆ ದಾಟಿಸಿದರು. ತಲೆಗೆ ಅರಿಶಿನದ ನೀರು ಹಾಕಿ, ಅಪ್ಪನ ಹಳೆಯ ಪಂಚೆ ಸುತ್ತಿ ನಡುಮನೆಯಲ್ಲಿ ಚಾಪೆಯ ಮೇಲೆ ಕೂರಿಸಿದರು. ಕಿಟಕಿಯಿಂದ ಹೊಂಗೆ ಹೂ ಬೀಳುತ್ತಿತ್ತು. ಎಲ್ಲ ನೀರಿನ ಕೆಳಗೆ ನಡೆಯುತ್ತಿರುವ ಹಾಗೆ ಮೆಲ್ಲಗೆ, ಸದ್ದಿಲ್ಲದೆ ಇತ್ತು.

ಅಪ್ಪ ಬಂದು ಎದುರಿಗೆ ಕೂತರು. ಎಷ್ಟು ಬಡವಾಗಿದ್ದಾರೆ ಗೊತ್ತಾ. ಜೇನುತುಪ್ಪದ ಬಟ್ಟಲು ಹಿಡಿದುಕೊಂಡು ನನ್ನನ್ನೇ ನೋಡಿದರು. ನಾನು ಮಾತಾಡುವಂತಿಲ್ಲ, ಅವರಿಗೆ ಮಾತು ಬರುವುದಿಲ್ಲ. ‘ಯೋಳಲೇ, ಕೂಸ್ ಕಾಯ್ತಾ ಕುಂತದೆ’ ಎಂದು ದೇವಕ್ಕತ್ತೆ ತಿವಿದಳು. ಆಗ ಶುರು ಮಾಡಿದರು.

‘ನಿನ್ ಫೋನ್ ನಾನ್ ಒಂದ್ ಸಲಾನೂ ಕಟ್ ಮಾಡ್ನಿಲ್ಲ ಕಣವ್ವ. ಬಡ್ಕಳೋವಾಗೆಲ್ಲ ಎದೆ ಮ್ಯಾಲ್ ಇಟ್ಕಂಡು ಕುಂತಿರ್ತಿದ್ದೆ. ಎತ್ತಿದ್ರೆ ಬೈದ್ಬುಡ್ತೀನಿ ಅಂತ ಭಯ. ಬೈದ್ರೆ ನೀನ್ ಇನ್ ಮಾಡಾಕಿಲ್ಲ ಅಂತ ಭಯ. ಫೋನ್ ನಿಂತೋದ್ಮೇಲೆ, ಬದುಕವ್ಳೆ, ಚೆನ್ನಾಗವ್ಳೆ ಅನ್ಕಂತಿದ್ದೆ. ನಾನು ಅಳ್ನಿಲ್ಲ ಅಂದ್ಯಲ್ಲ. ನೀನಿದ್ದೆ, ಅದ್ಕೇ ಅಳ್ನಿಲ್ಲ. ಇವತ್ತಲ್ಲ ನಾಳಿಕ್ಕೆ ಎತ್ತಾನ ಅಂತ ದಿನಾ ತಳ್ದೆ. ಅದೇ ನಾನ್ ಮಾಡಿದ್ ತಪ್ಪು. ಇನ್ ತಳ್ಳಾಕಿಲ್ಲ. ನೀನೂ ಬೇಕು, ನಿನ್ ಗಂಡಾನೂ ಬೇಕು. ಕೈ ಎಂಗಾರಾ ಇರ್ಲಿ, ಬರೇಳು ಅವುನ್ನ.’

ನನಗೆ ಎಷ್ಟೋ ಹೇಳಬೇಕೆನ್ನಿಸಿತು. ತುಟಿ ಕಚ್ಚಿಕೊಂಡು ಕೂತೆ. ಅಪ್ಪ ನನ್ನ ನಾಲಿಗೆಗೆ ಜೇನು ಹಚ್ಚಿದರು. ಕಿವಿಯ ಹತ್ತಿರ ಬಾಗಿ ಮಾಲಾ, ಮಾಲಾ, ಮಾಲಾ ಎಂದು ಮೂರು ಸಲ ಹೇಳಿದರು. ಮೂರನೆಯದಕ್ಕೆ ದನಿ ಒಡೆದುಹೋಯಿತು.

‘ಆಯ್ತು, ಇನ್ ಮಾತಾಡವ್ವ’ ಎಂದಳು ದೇವಕ್ಕತ್ತೆ. ಹೊಸದಾಗಿ ಹುಟ್ಟಿದವರು ಮಾಡುವುದನ್ನೇ ಮಾಡಿದೆ. ಬಾಯಿ ಬಿಟ್ಟು, ಊರಿಗೆಲ್ಲ ಕೇಳುವ ಹಾಗೆ ಅತ್ತೆ. ಎದುರಿನ ಅಪಾರ್ಟ್‌ಮೆಂಟಿನ ಬಾಲ್ಕನಿಗಳಿಗೆ ಜನ ಬಂದರು. ಏನಾಯಿತು ಎಂದು ಯಾರೋ ಮೇಲಿಂದ ಕೇಳಿದರು. ದೇವಕ್ಕತ್ತೆ ಅಂಗಳಕ್ಕೆ ಹೋಗಿ, ಸೊಂಟದ ಮೇಲೆ ಕೈ ಇಟ್ಟುಕೊಂಡು, ಕತ್ತೆತ್ತಿ ಕೂಗಿದಳು:

‘ಎಣ್ಮಗ ಉಟ್ಟೈತೆ ಕಣ್ರವ್ವಾ, ಎಣ್ಮಗ!’

ನಿನ್ನ
ಮಾಲಾ